ಇಂದಿನ ಧಮ್ಮ ಚಿಂತನೆ: ಅಪ್ಪನ ಫಿಯೆಟ್ಟು ಮತ್ತು ಕಬ್ಬಿಣದ ಮಲ

 

 ಈ ವಾರ ನಾವು ಧಮ್ಮಪದದ ಹದಿನೆಂಟನೆಯ ವರ್ಗವಾದ ಮಲವಗ್ಗವನ್ನು ಓದುತ್ತಿದ್ದೇವೆ. ನಿನ್ನೆ 239ನೆಯ ಗಾಥೆಯನ್ನು ನೋಡಿದೆವು. ಇಂದು 240ನೆಯದು. ಬರೆಯುವ ಸರದಿ ನನ್ನದು.

ಗಾಥೆಯ ಭಾವವನ್ನು ನನ್ನ ಮಾತಿನಲ್ಲಿ ಹೇಳುವುದಾದರೆ ಇಷ್ಟು: ತುಕ್ಕು ಹುಟ್ಟುವುದು ಕಬ್ಬಿಣದಲ್ಲೇ. ಹುಟ್ಟಿದ ಮೇಲೆ ಅದು ತಿನ್ನುವುದೂ ಆ ಕಬ್ಬಿಣವನ್ನೇ. ಎಚ್ಚರ ತಪ್ಪಿ ನಡೆದ ಮನುಷ್ಯನನ್ನು ಕೆಡಿಸುವುದೂ ಹಾಗೆಯೇ ಅವನು ಮಾಡಿದ ಕೆಲಸವೇ, ಬೇರೆ ಯಾರೂ ಅಲ್ಲ.

ಈ ಗಾಥೆಯನ್ನು ನಾನು ಇಪ್ಪತ್ತು ವರ್ಷಗಳಿಂದ ಓದುತ್ತಿದ್ದೇನೆ. ಭಾನುವಾರದ ತರಗತಿಯಲ್ಲಿ ಮಕ್ಕಳಿಗೆ ಪಾಠವನ್ನೂ ಮಾಡಿದ್ದೇನೆ. ಕಬ್ಬಿಣಕ್ಕೆ ಹಿಡಿಯುವುದು ತುಕ್ಕು, ತಾಮ್ರ ಹಿತ್ತಾಳೆಗೆ ಹಿಡಿಯುವುದು ಕಿಲುಬು, ಮನಸ್ಸಿಗೆ ಹಿಡಿಯುವ ಕೊಳೆಯನ್ನೂ ಸೇರಿಸಿ ಪಾಲಿಯಲ್ಲಿ ಎಲ್ಲಕ್ಕೂ ಮಲ ಎಂಬ ಒಂದೇ ಮಾತು ಸಾಕು ಎಂದು, ಕನ್ನಡ ಮೇಷ್ಟ್ರಾಗಿ ಪದದ ಅರ್ಥವನ್ನು ಬಿಡಿಸಿ ಹೇಳಿದ್ದೇನೆ. ಆದರೆ ಆ ಗಾಥೆ ನನಗೆ ನಿಜಕ್ಕೂ ಅರ್ಥವಾದದ್ದು ಹೋದ ವರ್ಷದ ಬೇಸಿಗೆ ರಜೆಯಲ್ಲಿ, ನಮ್ಮ ಮನೆಯ ಹಿತ್ತಲಲ್ಲಿ, ಅಪ್ಪನ ಹಳೇ ಕಾರಿನ ಅಡಿಯಲ್ಲಿ ಅಂಗಾತ ಮಲಗಿದ್ದಾಗ. ಆ ಕಥೆಯನ್ನು ಇಂದು ಹೇಳುತ್ತೇನೆ. ಅದರಲ್ಲಿ ನನಗೆ ಹೆಮ್ಮೆ ತರುವಂಥದ್ದು ಹೆಚ್ಚೇನೂ ಇಲ್ಲ. ಆದರೂ ಹೇಳಬೇಕು.

ಕಾರು ಪ್ರೀಮಿಯರ್ ಪದ್ಮಿನಿ. ನಮ್ಮ ಕಡೆ ಯಾರೂ ಪದ್ಮಿನಿ ಎನ್ನುತ್ತಿರಲಿಲ್ಲ, ಫಿಯೆಟ್ಟು ಎಂದೇ ಕರೆಯುತ್ತಿದ್ದರು. ಇಟಲಿಯ ಫಿಯೆಟ್ 1100 ಕಾರನ್ನು ಮುಂಬಯಿಯ ಕುರ್ಲಾದ ಕಾರ್ಖಾನೆಯಲ್ಲಿ ತಯಾರಿಸುತ್ತಿದ್ದರು. 1970ರ ದಶಕದಲ್ಲಿ ಅದಕ್ಕೆ ಪದ್ಮಿನಿ ಎಂದು ಹೆಸರಾಯಿತು. 1089 ಸಿಸಿ ಇಂಜಿನ್. ಗೇರಿನ ಕಡ್ಡಿ ಸ್ಟೀರಿಂಗಿನ ಪಕ್ಕದಲ್ಲೇ. ಮುಂಬಯಿಯ ಕಪ್ಪು ಹಳದಿ ಟ್ಯಾಕ್ಸಿಯಾಗಿ ಅರ್ಧ ಶತಮಾನ ಓಡಿ, 2023ರ ಅಕ್ಟೋಬರಿನಲ್ಲಿ ಅಲ್ಲಿಯ ರಸ್ತೆಯಿಂದಲೂ ಅದು ಕೊನೆಗೆ ಇಳಿಯಿತು.

ನಮ್ಮಪ್ಪ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. 1991ರಲ್ಲಿ, ಬಾಬಾಸಾಹೇಬರು ಹುಟ್ಟಿ ನೂರು ವರ್ಷ ತುಂಬಿದ ವರ್ಷ, ಅವರು ಸೆಕೆಂಡ್ ಹ್ಯಾಂಡ್ ಫಿಯೆಟ್ಟೊಂದನ್ನು ಕೊಂಡರು. ನಮ್ಮ ಕೇರಿಗೆ ಬಂದ ಮೊದಲ ಕಾರು ಅದು. ಕೊಂಡದ್ದು ತಿರುಗಾಡುವುದಕ್ಕೆ ಮಾತ್ರವಲ್ಲ. ಆ ಏಪ್ರಿಲ್ 14ರಂದು ಬಾನೆಟ್ಟಿನ ಮೇಲೆ ಬಾಬಾಸಾಹೇಬರ ಫೋಟೋ ಕಟ್ಟಿ, ಸುತ್ತಲೂ ಚೆಂಡು ಹೂವಿನ ಹಾರ ಹಾಕಿ, ಊರಿನ ಮುಖ್ಯ ರಸ್ತೆಯಲ್ಲಿ ಮೆರವಣಿಗೆ ತೆಗೆದರು. ಅಪ್ಪ ಕಾರು ಓಡಿಸುತ್ತಿದ್ದರು. ಅಣ್ಣ ಮುಂದಿನ ಸೀಟಿನಲ್ಲಿ, ನಾನು ಹಿಂದಿನ ಸೀಟಿನಲ್ಲಿ. ಅದೇ ರಸ್ತೆಯಲ್ಲಿ ನಮ್ಮ ತಾತ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ನಡೆದಿದ್ದರಂತೆ. ಆ ದಿನ ಅಪ್ಪ ಒಂದು ಸಲವೂ ಹಾರ್ನ್ ಮಾಡಲಿಲ್ಲ. ಮೊದಲ ಗೇರಿನಲ್ಲೇ, ನಿಧಾನಕ್ಕೆ, ಆ ರಸ್ತೆಯ ಉದ್ದಕ್ಕೂ ಹೋದರು. ಅಷ್ಟು ನಿಧಾನ ಯಾಕೆ ಎಂದು ಆಗ ನನಗೆ ತಿಳಿಯಲಿಲ್ಲ. ಈಗ ತಿಳಿಯುತ್ತದೆ.

ಅಪ್ಪ 2011ರಲ್ಲಿ ತೀರಿಕೊಂಡರು. ಕಾರು ಹಿತ್ತಲಲ್ಲಿ ನಿಂತಿತು. ಅಣ್ಣ ಬೆಂಗಳೂರಿನಲ್ಲಿದ್ದ, ನಾನು ಊರಿನ ಶಾಲೆಯಲ್ಲಿ. ತಿಥಿ ಮುಗಿಸಿದ ಮೇಲೆ ಅಣ್ಣ ಹೇಳಿದ: "ಇಲ್ಲಿ ಮಳೆಗೆ ಹಾಳಾಗುತ್ತೆ ಕಣೋ. ನಮ್ಮ ಮನೆ ಪಕ್ಕ ಶೀಟ್ ಹಾಕಿದ ಶೆಡ್ಡಿದೆ, ಅಲ್ಲಿಗೆ ತಗೊಂಡು ಹೋಗ್ತೀನಿ." ನಾನು ಕೂಡಲೇ, "ಅಪ್ಪನ ಕಾರು ಈ ಮನೆ ಬಿಟ್ಟು ಹೋಗಕೂಡದು" ಎಂದೆ. ಮಾತಿಗೆ ಮಾತು ಬೆಳೆಯಿತು. "ಹಾಗಾದ್ರೆ ಗುಜರಿಗೆ ಹಾಕಿ ಅವ್ವನ ಹೆಸರಲ್ಲಿ ದುಡ್ಡಿಡು" ಎಂದು ಅವನು ಸಿಟ್ಟಿನಲ್ಲಿ ಹೇಳಿದ. ಆ ಒಂದು ಮಾತನ್ನು ನಾನು ಹಿಡಿದುಕೊಂಡೆ. ಆರ್‌ಸಿ ಅಪ್ಪನ ಹೆಸರಿನಲ್ಲಿತ್ತು, ನನ್ನ ಹೆಸರಿಗೆ ಬರಬೇಕಾದರೆ ಅಣ್ಣನ ಸಹಿ ಬೇಕಿತ್ತು. ಅವನು ಮಾಡಲಿಲ್ಲ. ನಾನು ಎರಡನೇ ಸಲ ಕೇಳಲೂ ಇಲ್ಲ.

ಮೊದಲ ಮಳೆಗಾಲಕ್ಕೆ ಮುಂಚೆ ನಾನು ಒಂದು ದಪ್ಪ ನೀಲಿ ಟಾರ್ಪಾಲು ತಂದು, ಕಾರಿಗೆ ಪೂರ್ತಿ ಹೊದಿಸಿ, ನಾಲ್ಕು ಚಕ್ರಕ್ಕೂ ಹಗ್ಗ ಬಿಗಿದು ಕಟ್ಟಿದೆ. ನಮ್ಮದು ಮಲೆನಾಡಿನ ಅಂಚು. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರಿನವರೆಗೂ ಬಿಡುವುದಿಲ್ಲ. ಬಂದವರಿಗೆಲ್ಲ ಆ ಟಾರ್ಪಾಲನ್ನು ತೋರಿಸುತ್ತಿದ್ದೆ. "ಗುಜರಿಗೆ ಹಾಕು ಅಂದವನು ಅಣ್ಣ, ಕಾಪಾಡಿದವನು ನಾನು" ಎಂಬುದು ನನ್ನ ಮಾತಿನ ಸಾರ. ವರ್ಷಗಳು ಹೋದಂತೆ ಟಾರ್ಪಾಲು ಹರಿಯಿತು, ಅದರ ಮೇಲೆ ಇನ್ನೊಂದು ಕಟ್ಟಿದೆ. ಕಾರು ಕೆಡುತ್ತಿದೆ ಎಂದು ಗೊತ್ತಾದಾಗ, "ಅಣ್ಣ ಸಹಿ ಹಾಕಿದ್ದಿದ್ದರೆ ಇಷ್ಟೊತ್ತಿಗೆ ರೆಡಿ ಮಾಡಿಸಿ ಓಡಿಸುತ್ತಿದ್ದೆ" ಎಂದು ಹೇಳತೊಡಗಿದೆ. ಹದಿಮೂರು ವರ್ಷ ಹೀಗೇ ನಡೆಯಿತು. ಹಬ್ಬಕ್ಕೆ ಬಂದಾಗ ಅಣ್ಣನೊಂದಿಗೆ ಊಟ ಮಾಡುತ್ತಿದ್ದೆ, ಮಕ್ಕಳ ಓದು ವಿಚಾರಿಸುತ್ತಿದ್ದೆ. ಮೇಲೆ ಬಣ್ಣ ಚೆನ್ನಾಗಿಯೇ ಇತ್ತು.

ಈ ಹದಿಮೂರು ವರ್ಷವೂ ನಾನು ದಿನಾ ಬೆಳಿಗ್ಗೆ ಮೆತ್ತಾ ಭಾವನೆ ಮಾಡುತ್ತಿದ್ದೆ ಎಂಬುದನ್ನೂ ಇಲ್ಲಿ ಹೇಳಿಬಿಡಬೇಕು. ಸಕಲ ಜೀವಿಗಳಿಗೂ ಒಳಿತನ್ನು ಹಾರೈಸುತ್ತಿದ್ದೆ. ಆ ಸಕಲ ಜೀವಿಗಳ ಪಟ್ಟಿಯಲ್ಲಿ ಬೆಂಗಳೂರಿನ ಒಂದು ಮನೆ ಇರಲಿಲ್ಲ.

ಹೋದ ವರ್ಷ ಅವ್ವನಿಗೆ ಎಪ್ಪತ್ತೈದು ತುಂಬಿತು. "ಆ ಗಾಡೀಲಿ ಒಂದ್ಸಲ ಕೂತು ವಿಹಾರಕ್ಕೆ ಹೋಗ್ಬೇಕು ಕಣಪ್ಪ" ಎಂದಳು. ಅವ್ವ ಏನನ್ನೂ ಕೇಳುವವಳಲ್ಲ. ಏಪ್ರಿಲ್‌ನಲ್ಲಿ ಶಾಲೆಗೆ ರಜೆ ಕೊಟ್ಟ ಕೂಡಲೇ ನಾನು ಹಗ್ಗ ಬಿಚ್ಚಿದೆ.

ಟಾರ್ಪಾಲು ತೆಗೆದಾಗ ಮೊದಲ ನೋಟಕ್ಕೆ ಪರವಾಗಿಲ್ಲ ಎನಿಸಿತು. ಬಿಳಿ ಬಣ್ಣ ಮಾಸಿತ್ತು, ಬಾಗಿಲ ಕೆಳಗೆ ಮತ್ತು ಮಡ್‌ಗಾರ್ಡಿನ ಅಂಚಿನಲ್ಲಿ ಅಲ್ಲಲ್ಲಿ ಗುಳ್ಳೆ ಎದ್ದಿತ್ತು, ಅಷ್ಟೇ. ಒಂದು ವಾರ ಉಜ್ಜಿ ಬಣ್ಣ ಹೊಡೆದರೆ ಆಯಿತು ಎಂದುಕೊಂಡೆ. ಟಿಂಕರಿಂಗ್ ಕೆಲಸ ಮಾಡುವ ಹಿರಿಯ ಸಾಬರೊಬ್ಬರನ್ನು ಕರೆದುಕೊಂಡು ಬಂದೆ. ಅಪ್ಪನ ಕಾಲದಿಂದಲೂ ಗೊತ್ತಿದ್ದವರು. ಅವರು ಜೇಬಿನಿಂದ ಒಂದು ಸಣ್ಣ ಅಯಸ್ಕಾಂತ ತೆಗೆದರು. ಹಳೇ ಸ್ಪೀಕರಿನಿಂದ ಕಿತ್ತದ್ದು. ಅದನ್ನು ಕಾರಿನ ಮೈಮೇಲೆ ಒಂದೊಂದೇ ಕಡೆ ಇಡುತ್ತಾ ಹೋದರು. ಕೆಲವು ಕಡೆ ಟಕ್ ಎಂದು ಕಚ್ಚಿಕೊಳ್ಳುತ್ತಿತ್ತು. ಕೆಲವು ಕಡೆ ಜಾರಿ ಅವರ ಅಂಗೈಗೇ ಬೀಳುತ್ತಿತ್ತು. ನೋಡುವುದಕ್ಕೆ ಎರಡೂ ಜಾಗ ಒಂದೇ ಥರ.

"ಇಲ್ಲಿ ತಗಡಿಲ್ಲ ಮೇಷ್ಟ್ರೇ, ಬರೀ ಪುಟ್ಟಿ. ಯಾವಾಗಲೋ ಯಾರೋ ತುಕ್ಕಿನ ಮೇಲೇ ಮೆತ್ತಿ ಬಣ್ಣ ಹೊಡೆದವ್ರೆ" ಎಂದರು.

ಸ್ಕ್ರೂಡ್ರೈವರಿನ ತುದಿಯಿಂದ ಮೆಲ್ಲಗೆ ತಟ್ಟಿದರು. ಪುಟ್ಟಿ ಚಕ್ಕೆ ಚಕ್ಕೆಯಾಗಿ ಉದುರಿತು. ಒಳಗೆ ಕಂದು ಪುಡಿ. ಬೆರಳು ಹಾಕಿದರೆ ಆಚೆ ಬದಿಗೆ ಹೋಯಿತು. ಆಮೇಲೆ ಸೀಟುಗಳನ್ನು ಬಿಚ್ಚಿ ಕಾಲಿಡುವಲ್ಲಿನ ರಬ್ಬರ್ ಮ್ಯಾಟ್ ಎತ್ತಿದೆವು. ಚಾಲಕನ ಕಾಲ ಕೆಳಗೆ ತಗಡೇ ಇರಲಿಲ್ಲ, ಹಿತ್ತಲ ಹುಲ್ಲು ಕಾಣುತ್ತಿತ್ತು. ಈ ಕಾರಿಗೆ ಲಾರಿಯ ಹಾಗೆ ಬೇರೆ ಚಾಸಿ ಇರುವುದಿಲ್ಲ. ತಗಡಿನ ಮೈಯೇ ಅದರ ಎಲುಬು. ಮೈ ತುಕ್ಕು ಹಿಡಿಯಿತೆಂದರೆ ಎಲುಬೇ ಸವೆದಂತೆ.

ನಮ್ಮ ಶಾಲೆಯ ವಿಜ್ಞಾನದ ಮೇಡಂ ಒಬ್ಬರು ಅಂದು ಸಂಜೆ ಅವ್ವನನ್ನು ನೋಡಲು ಬಂದಿದ್ದರು. ಅವರನ್ನು ಕೇಳಿದೆ: ಮೇಲೆ ಬಣ್ಣವಿದ್ದರೂ ಒಳಗೆ ಹೀಗೇಕಾಯಿತು? ಅವರು ಹೇಳಿದ್ದು ನನಗೆ ಧಮ್ಮಪದದ ವ್ಯಾಖ್ಯಾನದ ಹಾಗೆ ಕೇಳಿಸಿತು. ಕಬ್ಬಿಣಕ್ಕೆ ನೀರು ಮತ್ತು ಗಾಳಿಯ ಆಮ್ಲಜನಕ ಎರಡೂ ಸೇರಿದರೆ ತುಕ್ಕು. ತುಕ್ಕು ಎಂಬುದು ಹೊರಗಿನಿಂದ ಬಂದು ಅಂಟಿಕೊಂಡ ಧೂಳಲ್ಲ, ಕಬ್ಬಿಣವೇ ಬೇರೆ ರೂಪಕ್ಕೆ ತಿರುಗಿದ್ದು. ಅದು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ, ಆದ್ದರಿಂದಲೇ ಬಣ್ಣವನ್ನು ಒಳಗಿನಿಂದ ಎತ್ತಿ ಗುಳ್ಳೆ ಮಾಡುತ್ತದೆ. ಅಲ್ಯೂಮಿನಿಯಂ ಮೇಲೆ ಕಟ್ಟುವ ಪದರ ಗಟ್ಟಿಯಾಗಿ ಕೂತು ಒಳಗಿನದನ್ನು ಕಾಯುತ್ತದೆ. ಕಬ್ಬಿಣದ ತುಕ್ಕು ಹಾಗಲ್ಲ, ಸಡಿಲವಾಗಿ ಉದುರುತ್ತದೆ, ನೀರನ್ನು ಹೀರಿ ಹಿಡಿದುಕೊಳ್ಳುತ್ತದೆ. ಹಾಗಾಗಿ ಇಂದಿನ ತುಕ್ಕು ನಾಳೆಯ ತುಕ್ಕನ್ನು ಕರೆಯುತ್ತದೆ.

ಬಂಧುಗಳೇ, ದ್ವೇಷವೂ ಹೀಗೇ ಅಲ್ಲವೇ? ಅಣ್ಣನ ಒಂದು ಮಾತು ಹೊರಗಿನಿಂದ ಬಂತು, ಒಂದು ಹನಿ ನೀರು ಬಿದ್ದ ಹಾಗೆ. ಆದರೆ ಆ ಮಾತನ್ನು ಒಳಗೆ ಹಿಡಿದಿಟ್ಟುಕೊಂಡು ಹದಿಮೂರು ವರ್ಷ ಬೆಳೆಸಿದ್ದು ನನ್ನದೇ ಕಬ್ಬಿಣ. ಅವನು ಹೇಳಿದ ಮಾತು ಅವನಿಗೆ ಮರೆತೇ ಹೋಗಿರಬಹುದು. ನನ್ನೊಳಗೆ ಅದು ಜಾಗ ಬೇಡುತ್ತಾ ಉಬ್ಬುತ್ತಿತ್ತು.

ಈ 240ನೆಯ ಗಾಥೆಗೆ ಅಟ್ಠಕಥೆಯಲ್ಲಿ ಒಂದು ಕಥೆ ಇದೆ. ತಿಸ್ಸ ಎಂಬ ಭಿಕ್ಷುವಿಗೆ ಒಂದು ಒರಟು ಬಟ್ಟೆ ಸಿಕ್ಕಿತು. ಅವನ ಅಕ್ಕ ಅದನ್ನು ಬಿಡಿಸಿ, ಹಿಂಜಿ, ನೂತು, ಮತ್ತೆ ನೇಯಿಸಿ ನವಿರಾದ ಬಟ್ಟೆ ಮಾಡಿಸಿಕೊಟ್ಟಳು. ಅದರಿಂದ ಚೀವರ ಹೊಲಿಸಿದ. ನಾಳೆ ಉಡುತ್ತೇನೆ ಎಂದು ಹಗ್ಗದ ಮೇಲೆ ಇಟ್ಟು ಮಲಗಿದ. ಆ ರಾತ್ರಿಯೇ ಅಜೀರ್ಣವಾಗಿ ತೀರಿಕೊಂಡ. ಮನಸ್ಸೆಲ್ಲ ಆ ಚೀವರದಲ್ಲೇ ಇದ್ದುದರಿಂದ ಅದರಲ್ಲೇ ಹೇನಾಗಿ ಹುಟ್ಟಿದನಂತೆ. ನಿಯಮದ ಪ್ರಕಾರ ಉಳಿದ ಭಿಕ್ಷುಗಳು ಚೀವರವನ್ನು ಹಂಚಿಕೊಳ್ಳಲು ಹೊರಟಾಗ, ಆ ಹೇನು ನನ್ನ ವಸ್ತುವನ್ನು ದೋಚುತ್ತಿದ್ದಾರೆ ಎಂದು ಕೂಗುತ್ತಾ ಅತ್ತಿತ್ತ ಓಡಾಡಿತು. ಆ ಕೂಗು ಕೇಳಿಸಿದ್ದು ಬುದ್ಧರಿಗೆ ಮಾತ್ರ. ಏಳು ದಿನ ಆ ಚೀವರವನ್ನು ಮುಟ್ಟಬೇಡಿ ಎಂದು ಆನಂದನ ಮೂಲಕ ಹೇಳಿಸಿದರು. ಏಳು ದಿನ ಕಳೆದು ಹೇನಿನ ಆಯಸ್ಸು ಮುಗಿದ ಮೇಲೆ ಚೀವರವನ್ನು ಹಂಚಿದರು.

ನಮ್ಮ ಬಳಗದಲ್ಲಿ ಈ ಕಥೆಯನ್ನು ಅಕ್ಷರಶಃ ಒಪ್ಪದವರೇ ಹೆಚ್ಚು. ಅದು ತಪ್ಪೂ ಅಲ್ಲ. ಕರ್ಮ ಮತ್ತು ಮರುಹುಟ್ಟಿನ ಪ್ರಶ್ನೆಯನ್ನು ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದ ಆರಂಭದಲ್ಲೇ ಎತ್ತಿದ್ದಾರೆ. ಆದರೆ ಹೇನಾಗುವುದಕ್ಕೆ ಸಾಯಬೇಕಾಗಿಲ್ಲ ಎಂಬುದಕ್ಕೆ ನಾನೇ ಸಾಕ್ಷಿ. ಅಪ್ಪನ ಕಾರು, ನನ್ನ ಮನೆ, ನಾನು ಕಾಪಾಡಿದ್ದು ಎಂದು ಹದಿಮೂರು ವರ್ಷ ಟಾರ್ಪಾಲಿನ ಒಳಗೆ ಓಡಾಡಿದವನು ನಾನು. ಅಂದು ಬುದ್ಧರು ಆ ಹೇನನ್ನು ಬೈಯಲಿಲ್ಲ, ಅದಕ್ಕೆ ಏಳು ದಿನ ಸಮಯ ಕೊಟ್ಟರು. ಕಥೆಯಲ್ಲಿ ನನಗೆ ಹೆಚ್ಚು ಹಿಡಿಸುವುದು ಆ ಕರುಣೆ.

ಇನ್ನು ಟಾರ್ಪಾಲಿನ ವಿಷಯಕ್ಕೆ ಬರುತ್ತೇನೆ. ಇದೇ ನಾನು ಹೇಳಲು ಹಿಂಜರಿದ ಭಾಗ.

ಎರಡನೆಯ ವಾರ. ಸಾಬರು ಕೊಳೆತ ತಗಡನ್ನು ಕತ್ತರಿಸಿ ತೆಗೆಯುತ್ತಿದ್ದರು. ನಾನು ಪಕ್ಕದಲ್ಲಿ ವೈರ್ ಬ್ರಷ್ ಹಿಡಿದು ಉಜ್ಜುತ್ತಾ, ನನ್ನ ಹಳೇ ರಾಗ ತೆಗೆದೆ: ಅಣ್ಣ ಸಹಿ ಹಾಕಲಿಲ್ಲ, ಅದಕ್ಕೇ ಗಾಡಿಗೆ ಈ ಗತಿ. ಸಾಬರು ಕೆಲಸ ನಿಲ್ಲಿಸಿ, ಹಿತ್ತಲ ಮೂಲೆಯಲ್ಲಿ ಸುತ್ತಿಟ್ಟಿದ್ದ ನೀಲಿ ಟಾರ್ಪಾಲನ್ನು ನೋಡಿದರು.

"ಮೇಷ್ಟ್ರೇ, ಈ ಪ್ಲಾಸ್ಟಿಕ್ ಕಟ್ಟಿದ್ದು ಯಾರು?"

ನಾನು ಮಾತಾಡಲಿಲ್ಲ.

"ಮಳೆಗಿಂತ ಇದು ಕೆಟ್ಟದ್ದು. ಗಾಡಿ ಮಳೇಲಿ ನೆಂದ್ರೆ ಬಿಸಿಲಿಗೆ ಒಣಗುತ್ತೆ. ಹೀಗೆ ಬಿಗಿದು ಕಟ್ಟಿದ್ರೆ ನೆಲದ ತೇವ ಮೇಲೆ ಬರುತ್ತೆ, ಆಚೆ ಹೋಗಾಕೆ ದಾರಿ ಇರಲ್ಲ. ಒಳಗೇ ಬೆವರುತ್ತೆ. ವರ್ಷ ಪೂರ್ತಿ ಒದ್ದೆ. ಒಂದು ಶೀಟಿನ ನೆರಳು ಸಾಕಿತ್ತು."

ಒಂದು ಶೀಟಿನ ನೆರಳು. ಅಣ್ಣ ಕೊಡುತ್ತೇನೆ ಎಂದದ್ದು ಅದನ್ನೇ.

ಅವ್ವ ಜಗಲಿಯಲ್ಲಿ ಹುರುಳಿ ಆರಿಸುತ್ತಾ ಕೂತಿದ್ದಳು. ತಲೆ ಎತ್ತಿ ನನ್ನನ್ನು ನೋಡಿದಳು. ಏನೂ ಹೇಳದೆ ಮತ್ತೆ ಮೊರಕ್ಕೆ ಕಣ್ಣು ಹಾಕಿದಳು. ಅವಳಿಗೆ ಮೊದಲೇ ಗೊತ್ತಿತ್ತೇನೋ.

ನಾನು ಯಾವುದನ್ನು ಕಾಪಾಡಿದೆ ಎಂದು ಹದಿಮೂರು ವರ್ಷ ಹೇಳಿಕೊಂಡು ಬಂದೆನೋ ಅದನ್ನು ತಿಂದದ್ದು ನಾನು ಕಟ್ಟಿದ ಹೊದಿಕೆಯೇ. ಅಣ್ಣನ ಸಹಿಯಿಂದ ಒಂದು ಚೂರು ತಗಡೂ ಕೊಳೆತಿರಲಿಲ್ಲ. ಅಂದು ರಾತ್ರಿ ಧಮ್ಮಪದ ತೆಗೆದು ಈ ಗಾಥೆಯನ್ನು ಮತ್ತೆ ಓದಿದೆ. ಅದು ಕಬ್ಬಿಣದ ಬಗ್ಗೆ ಬರೆದದ್ದು ಎಂದು ಅನ್ನಿಸಲೇ ಇಲ್ಲ.

ಹಾಗೆಂದು ಈ ಗಾಥೆಯನ್ನು ನಮ್ಮನ್ನು ನಾವೇ ಬೈದುಕೊಳ್ಳುವುದಕ್ಕೆ ಬಳಸಬಾರದು. ಬೈಗುಳವೂ ಇನ್ನೊಂದು ಪದರದ ಪುಟ್ಟಿ. ಬಡವರ, ದಲಿತರ ಕಷ್ಟವನ್ನು ನೋಡಿ ಅದು ನಿಮ್ಮದೇ ಕರ್ಮ ಎನ್ನುವವರಿಗೆ ಈ ಗಾಥೆ ಒದಗಲೂಬಾರದು. ತಾತ ಚಪ್ಪಲಿ ಕೈಯಲ್ಲಿ ಹಿಡಿದದ್ದು ಅವರ ಒಳಗಿನ ತುಕ್ಕಿನಿಂದಲ್ಲ, ಊರಿನ ತುಕ್ಕಿನಿಂದ. ಗಾಥೆ ಬೆರಳು ತೋರಿಸುವುದು ಮಾಡಿದವನ ಕಡೆಗೆ, ಅನುಭವಿಸಿದವನ ಕಡೆಗಲ್ಲ. ಇದನ್ನು ಮರೆಯಬಾರದು.

ಮತ್ತೊಂದು ಮಾತು. ದಿಲ್ಲಿಯ ಮೆಹ್ರೌಲಿಯಲ್ಲಿ ಗುಪ್ತರ ಕಾಲದ ಕಬ್ಬಿಣದ ಕಂಬವಿದೆ, ಸುಮಾರು 1600 ವರ್ಷದಿಂದ ಬಯಲಲ್ಲೇ ನಿಂತಿದೆ. ಅದು ತಿಂದು ಹೋಗಿಲ್ಲ. ಆ ಕಬ್ಬಿಣದಲ್ಲಿ ರಂಜಕದ ಅಂಶ ಹೆಚ್ಚಿದ್ದು, ಅದರಿಂದ ಮೇಲ್ಮೈಯಲ್ಲಿ ತೆಳುವಾದ ಪದರವೊಂದು ಕಟ್ಟಿ ಕಂಬವನ್ನು ಕಾಯುತ್ತಿದೆ ಎಂದು ಲೋಹವಿಜ್ಞಾನಿಗಳು ಹೇಳುತ್ತಾರೆ. ಅಲ್ಲಿಯ ಒಣ ಹವೆಯೂ ಅದಕ್ಕೆ ಒದಗಿದೆ. ನೋಡಿ, ತಿನ್ನುವ ತುಕ್ಕೂ ಕಬ್ಬಿಣದಿಂದಲೇ, ಕಾಯುವ ಪದರವೂ ಕಬ್ಬಿಣದಿಂದಲೇ. ತನಗೆ ತಾನೇ ಆಸರೆ ಎಂದು ಬುದ್ಧರು ಹೇಳಿದ್ದನ್ನು ನಾನು ಈಗ ಹೀಗೆ ಅರ್ಥ ಮಾಡಿಕೊಳ್ಳುತ್ತೇನೆ. ಮಲ ನನ್ನಿಂದಲೇ ಹುಟ್ಟಿತು ಎಂಬುದು ಕೆಟ್ಟ ಸುದ್ದಿಯಲ್ಲ. ಹಾಗಿದ್ದರೆ ಅದನ್ನು ತೆಗೆಯುವ ಕೆಲಸವೂ ನನ್ನ ಕೈಯಲ್ಲೇ ಇದೆ ಎಂದಾಯಿತು.

ತೆಗೆಯುವುದು ಹೇಗೆ? ನಿನ್ನೆಯ ಗಾಥೆ ಅದನ್ನೇ ಹೇಳಿತ್ತು: ಅಕ್ಕಸಾಲಿ ಬೆಳ್ಳಿಯ ಕೊಳೆ ತೆಗೆಯುವ ಹಾಗೆ, ಸ್ವಲ್ಪ ಸ್ವಲ್ಪವಾಗಿ, ಕ್ಷಣ ಕ್ಷಣಕ್ಕೂ. ತುಕ್ಕು ತೆಗೆಯುವುದಕ್ಕೂ ಬೇರೆ ದಾರಿ ಇಲ್ಲ. ಮೊದಲು ವೈರ್ ಬ್ರಷ್. ಆಮೇಲೆ 80ನೇ ನಂಬರಿನ ಎಮರಿ ಪೇಪರ್, ಆಮೇಲೆ 120, ಆಮೇಲೆ 220. ಬಿಳಿ ಲೋಹ ಕಾಣುವವರೆಗೂ ಉಜ್ಜಬೇಕು. ಒಂದು ಕಾಳಿನಷ್ಟು ತುಕ್ಕು ಉಳಿದರೂ ಅದರ ಮೇಲೆ ಬಣ್ಣ ನಿಲ್ಲುವುದಿಲ್ಲ. ಉಜ್ಜಿ ತೆಗೆಯಲಾಗದಷ್ಟು ಕೊಳೆತದ್ದನ್ನು ಕತ್ತರಿಸಿ ಹೊಸ ತಗಡು ಬೆಸೆಯಬೇಕು. ಬಿಳಿಯಾದ ಲೋಹವನ್ನು ಹಾಗೇ ಬಿಟ್ಟರೆ ಒಂದೇ ರಾತ್ರಿಯ ತೇವಕ್ಕೆ ಮತ್ತೆ ಕೆಂಪಾಗುತ್ತದೆ, ಆದ್ದರಿಂದ ಅಂದಂದೇ ಪ್ರೈಮರ್ ಹಚ್ಚಬೇಕು. ಒಂದು ದಿನಕ್ಕೆ ಎಷ್ಟು ಉಜ್ಜಲು ಸಾಧ್ಯವೋ ಅಷ್ಟನ್ನೇ ತೆರೆಯಿರಿ, ತೆರೆದಷ್ಟನ್ನು ಅಂದೇ ಮುಗಿಸಿ ಎಂದು ಸಾಬರು ಹೇಳಿಕೊಟ್ಟರು. ಧ್ಯಾನದ ಶಿಬಿರದಲ್ಲೂ ಇಷ್ಟು ಸ್ಪಷ್ಟವಾದ ಮಾತು ನನಗೆ ಸಿಕ್ಕಿರಲಿಲ್ಲ.

ಆ ತೆರೆದಷ್ಟು ಎಂಬ ಮಾತು ಹಿಡಿದು, ಒಂದು ಸಂಜೆ ಕೈ ತೊಳೆದುಕೊಂಡು ಅಣ್ಣನಿಗೆ ಫೋನ್ ಮಾಡಿದೆ. ಸೈಟಿನ ವಿಷಯ, ಮನೆಯ ಭಾಗದ ವಿಷಯ, ಯಾವುದನ್ನೂ ಎತ್ತಲಿಲ್ಲ. ಒಂದನ್ನೇ ಹೇಳಿದೆ: "ಅಣ್ಣ, ಅಪ್ಪನ ಕಾರು ಕೊಳೆತದ್ದು ನಾನು ಕಟ್ಟಿದ ಟಾರ್ಪಾಲಿನಿಂದ. ನೀನು ಶೆಡ್ಡಿಗೆ ತಗೊಂಡು ಹೋಗ್ತೀನಿ ಅಂದಾಗ ಬಿಡಬೇಕಿತ್ತು. ಇಷ್ಟು ವರ್ಷ ಎಲ್ಲರ ಹತ್ತಿರ ನಿನ್ನ ಮೇಲೆ ಹೇಳಿಕೊಂಡು ತಿರುಗಿದೆ. ತಪ್ಪಾಯ್ತು."

ಆ ಕಡೆ ತುಂಬಾ ಹೊತ್ತು ಮಾತಿಲ್ಲ. ಬಸ್ಸಿನ ಹಾರ್ನ್ ಕೇಳುತ್ತಿತ್ತು. ಆಮೇಲೆ ಅವನು ಕೇಳಿದ್ದು ಒಂದೇ: "ಸ್ಟೀರಿಂಗಿಗೆ ಅಪ್ಪ ಸುತ್ತಿದ್ದ ನೀಲಿ ವೈರು ಇದೆಯೇನೋ?"

ಇತ್ತು. ಅಪ್ಪ ಒಂದು ಭಾನುವಾರ ನಮ್ಮಿಬ್ಬರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ನೀಲಿ ಬಿಳಿ ಪ್ಲಾಸ್ಟಿಕ್ ವೈರಿನಿಂದ ಸ್ಟೀರಿಂಗಿಗೆ ಹೆಣಿಗೆ ಹಾಕಿದ್ದರು. ಬಿಳಿ ವೈರು ನಾನು ಎಳೆದುಕೊಡುತ್ತಿದ್ದೆ, ನೀಲಿ ಅಣ್ಣ. ಈಗ ಒಣಗಿ ಬಿರುಕು ಬಿಟ್ಟಿದೆ. ಅದನ್ನು ಬದಲಾಯಿಸಬಾರದು ಎಂದು ಇಬ್ಬರೂ ಒಪ್ಪಿದೆವು. ಬಹುಶಃ ಹದಿಮೂರು ವರ್ಷದಲ್ಲಿ ನಾವಿಬ್ಬರೂ ಒಪ್ಪಿದ ಮೊದಲ ವಿಷಯ ಅದು.

ಉಳಿದ ಕೆಲಸವನ್ನು ಬೇಗ ಹೇಳಿ ಮುಗಿಸುತ್ತೇನೆ. ಇಂಜಿನ್ ಹಿಡಿದುಕೊಂಡಿತ್ತು. ಪ್ಲಗ್ ಬಿಚ್ಚಿ ಒಳಗೆ ಡೀಸೆಲ್ ಸುರಿದು ಒಂದು ವಾರ ಬಿಟ್ಟು, ಕೈಯಿಂದಲೇ ಮೆಲ್ಲಗೆ ತಿರುಗಿಸಿ ಬಿಡಿಸಿದೆವು. ಪೆಟ್ರೋಲ್ ಟ್ಯಾಂಕಿನ ಒಳಗೂ ತುಕ್ಕು, ಅದನ್ನು ಇಳಿಸಿ ತೊಳೆಸಿದೆವು. ಕಾರ್ಬುರೇಟರ್ ಬಿಚ್ಚಿ ಸ್ವಚ್ಛ ಮಾಡಿದೆವು. ಸಿಗದ ಬಿಡಿಭಾಗಗಳನ್ನು ಅಣ್ಣ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೂ ಶಿವಾಜಿನಗರದ ಗುಜರಿ ಅಂಗಡಿಗಳಲ್ಲೂ ಹುಡುಕಿ ಕಳಿಸಿದ. ಹೌದು, ಗುಜರಿಯಿಂದಲೇ. ಅಪ್ಪನ ಕಾರನ್ನು ಬದುಕಿಸಿದ್ದು ಯಾರೋ ಗುಜರಿಗೆ ಹಾಕಿದ ಕಾರುಗಳು.

ಫ್ಲೋರ್ ಹೊಸದು, ಎರಡು ಬಾಗಿಲಿನ ಅಡಿಭಾಗ ಹೊಸದು, ಬ್ರೇಕು ಹೊಸದು, ಟೈರು ಹೊಸದು, ಬಣ್ಣ ಹೊಸದು. ಇದು ಇನ್ನೂ ಅಪ್ಪನ ಕಾರೇನಾ ಎಂದು ಮಗಳು ಕೇಳಿದಳು. ಮಿಲಿಂದ ಪ್ರಶ್ನೆಯಲ್ಲಿ ನಾಗಸೇನ ಭಿಕ್ಷು ಗ್ರೀಕ್ ಅರಸ ಮಿಲಿಂದನನ್ನು ಕೇಳುವುದೂ ಇದೇ ಥರದ ಪ್ರಶ್ನೆ. ನೀನು ಬಂದ ರಥ ಯಾವುದು, ಅಚ್ಚೇ? ಗಾಲಿಯೇ? ನೊಗವೇ? ಯಾವ ಒಂದೂ ಅಲ್ಲ. ಎಲ್ಲ ಸೇರಿದಾಗ ರಥ ಎಂಬ ಹೆಸರು. ಮಗಳಿಗೆ ಆ ಕಥೆ ಹೇಳಿದೆ. ನಾನು ಹದಿಮೂರು ವರ್ಷ ಹೊಡೆದಾಡಿದ ಅಪ್ಪನ ಕಾರು ಎಂಬುದು ಕೊನೆಗೆ ಒಂದು ಹೆಸರು ಎಂದು ಅವಳಿಗೆ ಹೇಳುತ್ತಲೇ ನನಗೂ ಹೊಳೆಯಿತು. ಅರಸರ ಚಿತ್ತಾರದ ರಥಗಳೇ ಜೀರ್ಣವಾಗುತ್ತವೆ, ಒಳ್ಳೆಯವರ ಧಮ್ಮ ಜೀರ್ಣವಾಗುವುದಿಲ್ಲ ಎಂಬ ಮಾತು ಜರಾವಗ್ಗದಲ್ಲಿ ಬರುತ್ತದೆ. ಅಪ್ಪ ಉಳಿಸಿಹೋದದ್ದು ಆ ತಗಡನ್ನಲ್ಲ, ಮೊದಲ ಗೇರಿನಲ್ಲಿ ತಲೆ ಎತ್ತಿ ಆ ರಸ್ತೆಯಲ್ಲಿ ಹೋದ ಧೈರ್ಯವನ್ನು. ಅದರಲ್ಲಿ ಅಣ್ಣನಿಗೂ ನನಗೂ ಭಾಗ ಮಾಡಬೇಕಾದ್ದು ಏನೂ ಇಲ್ಲ.

ಬೇಸಿಗೆ ರಜೆಯಲ್ಲಿ ಕೆಲಸ ಮುಗಿಯಲಿಲ್ಲ, ದಸರಾ ರಜೆಯೂ ಹಿಡಿಯಿತು. ಅಣ್ಣ ಬಂದು ಕಾಗದಗಳಿಗೆ ಸಹಿ ಹಾಕಿದ. ಕಚೇರಿಯಲ್ಲಿ ಆರ್‌ಸಿ ನವೀಕರಣವೂ ಆಯಿತು. ಈ ವರ್ಷದ ವೈಶಾಖ ಪೂರ್ಣಿಮೆಯಂದು ಅವ್ವನನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ವಿಹಾರಕ್ಕೆ ಹೋದೆವು. ಅಣ್ಣ ಓಡಿಸಿದ. ಎಲ್ಲವೂ ಸರಿಹೋಯಿತು ಎಂದು ಹೇಳಿದರೆ ಮುಸಾವಾದವಾಗುತ್ತದೆ. ಮನೆಯ ಭಾಗದ ಮಾತು ಇನ್ನೂ ಬಾಕಿ ಇದೆ, ಅದರಲ್ಲಿ ಇಬ್ಬರಿಗೂ ಬೇರೆ ಬೇರೆ ಅಭಿಪ್ರಾಯವಿದೆ. ಆದರೆ ಈಗ ಅವನೊಂದಿಗೆ ಮಾತಾಡುವಾಗ ಅಯಸ್ಕಾಂತ ಜಾರಿ ಬೀಳುವುದಿಲ್ಲ.

ಮೊನ್ನೆ ಕಾರು ತೊಳೆಯುವಾಗ ಹಿಂದಿನ ಮಡ್‌ಗಾರ್ಡಿನ ಒಳ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆ ಕಂಡಿತು. ಮತ್ತೆ ಶುರುವಾಗಿದೆ. ಹಿಂದಾಗಿದ್ದರೆ ಬೇಸರವಾಗುತ್ತಿತ್ತು. ಈ ಸಲ ಒಳಗೆ ಹೋಗಿ ಎಮರಿ ಪೇಪರ್ ತಂದೆ. ನಾಳೆ ನಾವು ಓದುವ 241ನೆಯ ಗಾಥೆ ನಿರ್ಲಕ್ಷ್ಯವೇ ಮನೆಗೆ ಮಲ ಎಂಬ ಭಾವದ್ದು. ಸಣ್ಣದಿರುವಾಗ ನೋಡಿಕೊಂಡರೆ ಐದು ನಿಮಿಷದ ಕೆಲಸ. ಬಿಟ್ಟರೆ ಹದಿಮೂರು ವರ್ಷ.

ಇಂದಿನ ಅಭ್ಯಾಸ:

ಇಂದು ಹತ್ತು ನಿಮಿಷ ಸುಮ್ಮನೆ ಕುಳಿತು, ಮನಸ್ಸಿನಲ್ಲಿ ಒಬ್ಬರನ್ನು ತಂದುಕೊಳ್ಳಿ. ಇವರಿಂದಲೇ ನನ್ನದು ಹಾಳಾಯಿತು ಎಂದು ನೀವು ಹಲವರ ಬಳಿ ಹೇಳಿಕೊಂಡಿರುವ ಒಬ್ಬರನ್ನು. ಬಳಿಕ ಈ ಮೂರನ್ನು ಕೇಳಿಕೊಳ್ಳಿ.

1. ಅವರು ಮಾಡಿದ್ದೆಷ್ಟು, ಆಮೇಲೆ ನಾನು ಒಳಗೆ ಬೆಳೆಸಿದ್ದೆಷ್ಟು?

2. ಇದನ್ನು ಕಾಪಾಡುತ್ತಿದ್ದೇನೆ ಎಂದು ನಾನು ಕಟ್ಟಿರುವ ಟಾರ್ಪಾಲು ಯಾವುದು?

3. ಇಂದು ತೆರೆದು ಇಂದೇ ಮುಗಿಸಬಹುದಾದ ಸಣ್ಣ ಜಾಗ ಯಾವುದು?

ಅವರು ನಿಮಗೆ ನಿಜಕ್ಕೂ ಅನ್ಯಾಯ ಮಾಡಿದ್ದರೆ ಅದನ್ನು ಅನ್ಯಾಯ ಎಂದೇ ಕರೆಯಿರಿ, ನ್ಯಾಯ ಕೇಳಿ. ಧಮ್ಮ ಅದನ್ನು ಬೇಡ ಎನ್ನುವುದಿಲ್ಲ. ಆದರೆ ನ್ಯಾಯ ಕೇಳುವ ಕೈಗೆ ತುಕ್ಕು ಹಿಡಿಯದಿರಲಿ.

ಎಲ್ಲ ಜೀವಿಗಳೂ ಸುಖವಾಗಿರಲಿ. ಬೆಂಗಳೂರಿನ ಆ ಮನೆಯೂ ಸುಖವಾಗಿರಲಿ.

ಸಾಧು, ಸಾಧು, ಸಾಧು.